ಬೆರಳು

ಹೊಸಂಗಡಿಯ ಸರ್ವಿಸ್ ರಸ್ತೆ, ಮೊಬೈಲ್ ಅಂಗಡಿಯ ಮಾಳಿಗೆ,
ಹದಿನೇಳು ಮೆಟ್ಟಿಲು.
ಅಷ್ಟೂ ಹತ್ತಿ ಏದುಸಿರು ಬಿಡುವವರನ್ನು
ನಾನು ದಿನವೂ ಕೇಳುತ್ತೇನೆ: ನೀವು ಬದುಕಿದ್ದೀರಾ?

ಕೇಳುವುದು ನಾನಲ್ಲ, ಈ ಅಂಗೈಯಗಲದ ಯಂತ್ರ.
ಅಕ್ಷಯ ಕೇಂದ್ರ ಎಂದು ಬೋರ್ಡು. ಅಕ್ಷಯವಾದದ್ದು ಕ್ಯೂ ಮಾತ್ರ.
ಪಿಂಚಣಿ ಬೇಕಿದ್ದರೆ ವರ್ಷಕ್ಕೊಮ್ಮೆ
ಸತ್ತಿಲ್ಲವೆಂದು ಬೆರಳೊತ್ತಿ ತೋರಿಸಬೇಕು.

ಇವತ್ತು ಹುಲ್ದಾ ಅಮ್ಮ.
ಮಿಶನ್ ಕಂಪೌಂಡಿನ ಹಿಂದಿನ ಮನೆ, ಐವತ್ತೆರಡು ವರ್ಷ
ಬೀಡಿ ಸುತ್ತಿದ ಕೈ. ಈಗಲೂ ದಿನಕ್ಕೆ ಇನ್ನೂರು.
ಎಲೆ ಕತ್ತರಿಸಿ, ಹೊಗೆಸೊಪ್ಪು ಉದುರಿಸಿ, ಸುತ್ತಿ, ನೂಲು ಬಿಗಿದು
ಬೆರಳಿನ ಗೆರೆಗಳನ್ನು ಒಂದೊಂದಾಗಿ
ಕಟ್ಟಿನೊಳಗಿಟ್ಟು ಬ್ರಾಂಚಿಗೆ ಕೊಟ್ಟು ಬಂದಿದ್ದಾರೆ.
ತುದಿ ನುಣ್ಣಗೆ, ಹೊಳೆಯ ಕಲ್ಲಿನ ಹಾಗೆ.

ಬಲ ಹೆಬ್ಬೆರಳು. ಕೆಂಪು.
ಎಡ ಹೆಬ್ಬೆರಳು. ಕೆಂಪು.
ತೋರುಬೆರಳು, ನಡುಬೆರಳು, ಉಂಗುರವಿಲ್ಲದ ಉಂಗುರಬೆರಳು.
ಪರದೆಯಲ್ಲಿ ಮಲಯಾಳದ ಒಂದು ಸಾಲು.
"ಎಂಥ ಹೇಳ್ತದೆ ಅದು?"
ತಾಳೆಯಾಗುತ್ತಿಲ್ಲವಂತೆ, ಎಂದೆ.
"ನಾನು ಇಲ್ಲಿ ಉಂಟಲ್ಲ ಮಗಾ. ಅದಕ್ಕೆ ಹೇಳು."

ಹಿಂದಿನಿಂದ ಆಸ್ಯಮ್ಮ: ತೆಂಗಿನೆಣ್ಣೆ ಹಚ್ಚು.
ಐತೆ: ಎಣ್ಣೆ ಬೇಡ, ಲಿಂಬೆಹುಳಿ.
ಯಾರದೋ ಚೀಲದಿಂದ ವ್ಯಾಸಲೀನ್ ಬಂತು.
ಹುಲ್ದಾ ಅಮ್ಮ ಕೈಯನ್ನು ಸೆರಗಿಗೆ ಒರೆಸಿ ಒರೆಸಿ
ಮತ್ತೆ ಚಾಚಿದರು,
ಕರ್ತನ ಭೋಜನದ ರೊಟ್ಟಿಗೆ ಚಾಚುವ ಹಾಗೆ.

ಬರುವ ಭಾನುವಾರದ ಪಾಠ ನನ್ನದು.
ಈಸ್ಟರಿನ ಮರುವಾರ ಯಾವಾಗಲೂ ತೋಮನದ್ದೇ ಕತೆ:
ಅಗಳಿ ಹಾಕಿದ ಕೋಣೆ, ಹೆದರಿದ ಹತ್ತು ಮಂದಿ,
ಗಾಯಕ್ಕೆ ಬೆರಳಿಡದೆ ನಂಬೆನೆಂದ ಒಬ್ಬ.
ಅಯ್ಯನವರು ಪ್ರತಿ ವರ್ಷ ಅವನಿಗೆ ಬೈಯುತ್ತಾರೆ, ಮೆತ್ತಗೆ.
ಇಪ್ಪತ್ತೊಂದು ಮಂದಿ ಕೇಳುತ್ತೇವೆ;
ಮಕ್ಕಳು ಇಂಗ್ಲಿಷ್ ಆರಾಧನೆಗೆ ಮಂಗಳೂರಿಗೆ ಹೋಗಿರುತ್ತಾರೆ.
ಅವನ ಹೆಸರಿಗೆ ಅವಳಿ ಎಂದು ಅರ್ಥವಂತೆ.
ಇನ್ನೊಬ್ಬ ಯಾರು, ಎಲ್ಲೂ ಬರೆದಿಲ್ಲ.
ನನಗೆ ಗೊತ್ತು. ವಯರಿನ ತುದಿಯಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು
ಮೇಜಿನ ಮೇಲೆ ಕೂತಿದ್ದಾನೆ.

ಅಥವಾ ಮೇಜಿನ ಈಚೆ.

ಹೋದ ಆಗಸ್ಟಿನಲ್ಲಿ ಅಪ್ಪನನ್ನು ಮಣ್ಣು ಮಾಡಿ
ಹನ್ನೆರಡನೆಯ ದಿನ ಇದೇ ಕುರ್ಚಿಯಲ್ಲಿ ಕೂತೆ.
ಅವರ ಹೆಸರಿನೆದುರು ಇನ್ನೂ ಹಸಿರು.
ಒತ್ತಿದರೆ ಎರಡೇ ಮಾತು ಇಳಿಯುತ್ತವೆ: ಇದ್ದಾರೆ, ಇಲ್ಲ.
ಸತ್ತವರು ಏಳುವರೆಂದು ವಾರವಾರ ಎದ್ದುನಿಂತು ಹೇಳುವವಳು
ಎರಡನೆಯದನ್ನು ಒತ್ತಿದೆ.
ಖಚಿತವೇ? ಎಂದಿತು.
ಹೌದು.
ಮತ್ತೊಮ್ಮೆ ಕೇಳಲಿಲ್ಲ ಅದು. ಕೇಳಿದ್ದರೆ?

"ಈ ವಾರ ಯಾವ ಪಾಠ?"
ತೋಮ, ಎಂದೆ, ಕಣ್ಣಿನ ಯಂತ್ರ ಹುಡುಕುತ್ತಾ.
"ಪಾಪ ಅವನು. ಎಂಟು ದಿನ!
ಎಲ್ಲರೂ ಕಂಡೆವು ಕಂಡೆವು ಅಂತ ಕುಣೀತಾರೆ, ಇವನೊಬ್ಬನಿಗಿಲ್ಲ.
ಆದ್ರೂ ಎದ್ದು ಹೋಗ್ಲಿಲ್ಲ ನೋಡು. ಅವರೊಟ್ಟಿಗೇ ಉಂಡ, ಮಲಗಿದ."
ಪೊರೆ ತೆಗೆಸಿದ ಕಣ್ಣನ್ನು ಯಂತ್ರಕ್ಕೆ ಒಡ್ಡಿ ನಕ್ಕರು.
"ಮತ್ತೆ ಅವನು ಮುಟ್ಟಿದ ಅಂತ ಎಲ್ಲಿ ಬರೆದುಂಟು?"

ಮುಟ್ಟು ಎಂದದ್ದುಂಟು. ಮುಟ್ಟಿದ ಎಂದಿಲ್ಲ.
ಇಷ್ಟು ಸಲ ಓದಿದ್ದೇನೆ, ಕಂಡಿರಲಿಲ್ಲ.

ಕಣ್ಣೂ ಕೆಂಪು. ಆಮೇಲೆ ಕರೆಂಟು ಹೋಯಿತು.

ಪಂಚಾಯತಿಗೆ ಕಾಗದ ಬರೆದೆ, ಕೈಯಲ್ಲೇ, ಕನ್ನಡದಲ್ಲೇ:
ಈ ಹೆಂಗಸನ್ನು ನಾನು ಹುಟ್ಟಿದಂದಿನಿಂದ ಬಲ್ಲೆ.
ಜೀವಂತ ಇದ್ದಾರೆ.
ಸಹಿಗೆ ಅವರ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಒತ್ತಿದರೆ
ಕಾಗದದಲ್ಲಿ ಮೂಡಿದ್ದು ಒಂದು ನೀಲಿ ಕಲೆ,
ಒಂದೂ ಗೆರೆಯಿಲ್ಲದ್ದು.

ರಾತ್ರಿ ಊಟಕ್ಕೆ ಕೂತು ಗಂಜಿಗೆ ಕೈ ಹಾಕುವಾಗ
ಸೋಪಿನಲ್ಲಿ ತೊಳೆದ ನನ್ನ ಬೆರಳಲ್ಲಿ
ಇನ್ನೂ ಹೊಗೆಸೊಪ್ಪಿನ ವಾಸನೆ.